ಬಿಸಿಲು ಸುಟ್ಟ ಮೈಗೆ ತಣ್ಣೀರೇ ಮೊದಲ ಮದ್ದು

ಬೇಸಗೆಯ ತಾಪವನ್ನು ಕುರಿತು ನಮ್ಮ ಜನರು ಆಡುವ ಮಾತುಗಳು ಬಹಳ. ಆದರೆ ಬಿಸಿಲು ಮೈಯನ್ನು ಸುಡುವುದೆಂಬ ಮಾತನ್ನು ಅಕ್ಷರಶಃ ನಂಬುವವರು ವಿರಳ. "ಬಿಸಿಲಿಗೆ ಕಪ್ಪಾದೆ" ಎನ್ನುವರು, "ತಲೆ ಕಾದಿದೆ" ಎನ್ನುವರು, "ಮೈಗೆ ಉಷ್ಣವಾಯಿತು" ಎನ್ನುವರು. ಒಲೆಯ ಬೆಂಕಿ ಸುಟ್ಟಂತೆ ಬಿಸಿಲೂ ಸುಟ್ಟಿತು, ಇದಕ್ಕೂ ಸುಟ್ಟಗಾಯದ ಉಪಚಾರವೇ ಆಗಬೇಕು ಎಂದು ಯೋಚಿಸುವವರು ಅಪರೂಪ. ನಂಜನಗೂಡು, ತಿರುಮಕೂಡಲು ನರಸೀಪುರಗಳಂತಹ ನದೀತೀರದ ಊರುಗಳಲ್ಲಂತೂ ಈ ಉದಾಸೀನವು ಹೆಚ್ಚು. ಕಪಿಲೆಯೂ ಕಾವೇರಿಯೂ ಹರಿಯುವ ನಾಡಿನಲ್ಲಿ, ನೀರಿನ ಮೇಲಣ ಗಾಳಿ ಮೈಗೆ ಸೋಕುತ್ತಿರುವಾಗ, ಬಿಸಿಲು ಏನು ತಾನೆ ಮಾಡೀತು ಎಂಬ ಧೈರ್ಯ ನಮ್ಮವರದು. ಈ ಧೈರ್ಯವು ಎಷ್ಟರಮಟ್ಟಿಗೆ ಸರಿ, ಸುಟ್ಟ ಮೈಗೆ ಮನೆಯಲ್ಲಿಯೇ ಏನು ಮಾಡಬಹುದು, ಏನು ಮಾಡಕೂಡದು ಎಂಬುದನ್ನು ಗೃಹಸ್ಥರ ಮುಂದೆ ಅರಿಕೆಮಾಡಲು ಅಪೇಕ್ಷಿಸುತ್ತೇವೆ.

ಮೊದಲು ತಿಳಿಯತಕ್ಕ ಸಂಗತಿಯೊಂದಿದೆ. ಸೂರ್ಯನಿಂದ ನಮ್ಮ ಮೈಗೆ ಬರುವುದು ಬರಿಯ ಶಾಖವಲ್ಲ. ಕಣ್ಣಿಗೆ ಕಾಣುವ ನೇರಳೆಯ ಬೆಳಕು ಸುಮಾರು ೪೦೦ ನ್ಯಾನೊಮೀಟರಿನ ಅಲೆಯಲ್ಲಿ ಮುಗಿಯುವುದು. ಅದಕ್ಕೂ ಗಿಡ್ಡ ಅಲೆಗಳಾದ ನೇರಳಾತೀತ ಕಿರಣಗಳು ಕಣ್ಣಿಗೆ ಕಾಣವು, ಮೈಗೆ ಬಿಸಿಯೆಂದೂ ತಿಳಿಯವು. ಅವುಗಳಲ್ಲಿ ೨೮೦ರಿಂದ ೩೧೫ ನ್ಯಾನೊಮೀಟರಿನವರೆಗಿನವೇ ಚರ್ಮವನ್ನು ಸುಡುವುದರಲ್ಲಿ ಮುಖ್ಯವಾದವು. ನದಿಯ ಗಾಳಿಯು ಶಾಖವನ್ನು ಕಳೆಯಬಲ್ಲುದೇ ಹೊರತು ಈ ಕಿರಣಗಳನ್ನು ತಡೆಯಲಾರದು. ತೆಳುವಾದ ಮೋಡವೂ ಇವನ್ನು ಬಹುಮಟ್ಟಿಗೆ ಒಳಗೆ ಬಿಡುವುದು. ಆದುದರಿಂದ ತಂಪಾದ ಗಾಳಿ ಬೀಸುವ ಹೊಳೆಯ ದಂಡೆಯಲ್ಲಿ ನಿಂತವನು, ಬಿಸಿಲಿನ ಅರಿವೇ ಇಲ್ಲದೆ, ಹೆಚ್ಚು ಹೊತ್ತು ನಿಂತು ಹೆಚ್ಚು ಸುಟ್ಟುಕೊಳ್ಳುವನು.

ನಮ್ಮ ಸೀಮೆಯು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು ೧೨ ಅಂಶಗಳ ದೂರದಲ್ಲಿದೆ. ಏಪ್ರಿಲ್ ತಿಂಗಳ ೨೨ನೆಯ ದಿನದ ಸುಮಾರಿಗೆ ಒಮ್ಮೆ, ಆಗಸ್ಟ್ ತಿಂಗಳ ೨೦ರ ಸುಮಾರಿಗೆ ಇನ್ನೊಮ್ಮೆ, ನಡುಹಗಲಿನಲ್ಲಿ ಸೂರ್ಯನು ನೆತ್ತಿಯ ಮೇಲೆ ನೇರವಾಗಿ ನಿಲ್ಲುವನು; ನೆಟ್ಟ ಕೋಲಿಗೆ ಆಗ ನೆರಳೇ ಇರದು. ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ದೊಡ್ಡ ಜಾತ್ರೆಯು ನಡೆಯುವುದು ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ, ಎಂದರೆ ಸೂರ್ಯನು ನೆತ್ತಿಗೆ ಏರುತ್ತಿರುವ ಕಾಲದಲ್ಲಿ. ಐದು ತೇರುಗಳು ರಥಬೀದಿಯಲ್ಲಿ ಹರಿಯುವುದನ್ನು ನೋಡಲು ಕೂಡುವ ಜನಸ್ತೋಮದಲ್ಲಿ ಕೊಡೆ ಬಿಚ್ಚಲು ಸ್ಥಳವೆಲ್ಲಿಯದು? ಇದರ ಮೇಲೆ, ಹರಕೆ ಹೊತ್ತವರು ಕಪಿಲೆಯ ದಂಡೆಯಲ್ಲಿ ಮುಡಿ ಕೊಡುವರು. ಹುಟ್ಟಿದಂದಿನಿಂದ ಕೂದಲಿನ ಮರೆಯಲ್ಲಿದ್ದು ಬಿಸಿಲನ್ನೇ ಕಾಣದ ನೆತ್ತಿಯ ಚರ್ಮವು, ಕ್ಷೌರಿಕನ ಕತ್ತಿಯು ಹರಿದ ಮರುನಿಮಿಷದಲ್ಲಿ, ಆ ಬಿಸಿಲಿಗೆ ತೆರೆದುಕೊಳ್ಳುವುದು. ಬಿಸಿಲಿನಿಂದ ಸುಡುವುದಕ್ಕೆ ಇದಕ್ಕಿಂತ ಅನುಕೂಲವಾದ ಸಂದರ್ಭವನ್ನು ಬೇಕೆಂದರೂ ಕಲ್ಪಿಸಲಾಗದು.

ಸುಟ್ಟುದು ಒಡನೆಯೇ ತಿಳಿಯದಿರುವುದು ಇನ್ನೊಂದು ತೊಡಕು. ಬಿಸಿಲಿನ ಪೆಟ್ಟು ಬಿದ್ದ ಮೂರರಿಂದ ಆರು ಗಂಟೆಗಳ ಬಳಿಕ ಚರ್ಮವು ಕೆಂಪಾಗತೊಡಗಿ, ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಗಳೊಳಗೆ ಉರಿಯು ಪರಾಕಾಷ್ಠೆಯನ್ನು ಮುಟ್ಟುವುದು. ಸ್ನಾನವಾಯಿತು, ದರ್ಶನವಾಯಿತು, ಬಸ್ಸು ಹಿಡಿದು ಮನೆಗೆ ಬಂದುದೂ ಆಯಿತು. ದೀಪ ಹಚ್ಚುವ ವೇಳೆಗೆ ಮಗು ಅಳಲಾರಂಭಿಸುವುದು. ಆಗ "ಯಾರ ದೃಷ್ಟಿ ತಾಗಿತೋ" ಎಂದು ನಿವಾಳಿಸುವವರೂ ಉಂಟು. ಹೀಗೆ ರೋಗವು ಹಿಡಿಯುವುದು ಹೊಳೆಯ ದಂಡೆಯಲ್ಲಾದರೂ, ತೋರಿಕೊಳ್ಳುವುದು ಮನೆಯಲ್ಲಿ. ಆದಕಾರಣ ಮೊದಲ ವೈದ್ಯರು ಮನೆಯವರೇ ಆಗಿರುತ್ತಾರೆ.

ಬಿಳಿಯ ಮೈಬಣ್ಣದವರಿಗೆ ಮಾತ್ರ ಹೀಗಾಗುವುದು, ನಮ್ಮಂತಹ ಕಪ್ಪು ಮೈಯವರಿಗೆ ಬಿಸಿಲು ಏನೂ ಮಾಡದು ಎಂಬ ನಂಬಿಕೆಯೊಂದಿದೆ. ಇದರಲ್ಲಿ ಅರ್ಧ ಮಾತ್ರ ನಿಜ. ಚರ್ಮದ ಕಪ್ಪು ವರ್ಣದ್ರವ್ಯವು ಒಂದಷ್ಟು ಕಾಪನ್ನು ಕೊಡುವುದು ದಿಟ. ಆದರೆ ಪೂರ್ಣವಾದ ಕಾಪನ್ನು ಕೊಡದು. ಅಲ್ಲದೆ, ಕಪ್ಪು ಮೈಯಲ್ಲಿ ಕೆಂಪು ಎದ್ದುಕಾಣದಿರುವುದರಿಂದ ಸುಟ್ಟುದನ್ನು ಕಣ್ಣಿನಿಂದ ಹಿಡಿಯುವುದು ಕಷ್ಟ. ಇಲ್ಲಿ ಕಣ್ಣಿಗಿಂತ ಕೈಯೇ ಪ್ರಮಾಣ. ಹಸ್ತದ ಹಿಂಬದಿಯನ್ನು ಮೆಲ್ಲನೆ ಸೋಕಿಸಿದರೆ ಸುಟ್ಟ ಭಾಗವು ಅಕ್ಕಪಕ್ಕದ ಮೈಗಿಂತ ಬಿಸಿಯಾಗಿರುವುದು, ಮುಟ್ಟಿದರೆ ನೋಯುವುದು, ಚರ್ಮವು ಬಿಗಿದಂತಾಗಿ ನವೆಯೂ ಇರಬಹುದು.

ಕೆಲವು ವರ್ಷಗಳ ಹಿಂದೆ ನಮ್ಮ ಮಗಳ ಮಗನ ಮುಡಿಯು ನಂಜನಗೂಡಿನಲ್ಲಿ ಆಯಿತು. ಮಗುವಿಗೆ ಆಗ ಮೂರು ವರ್ಷ. ತಂದೆತಾಯಿಗಳು ಹರಕೆ ತೀರಿಸಿಕೊಂಡು ಸಂಜೆಗೆ ನರಸೀಪುರದ ನಮ್ಮ ಮನೆಗೆ ಬಂದರು. ದೀಪ ಹಚ್ಚಿದ ಮೇಲೆ ಮಗುವು ತಲೆಯನ್ನು ಯಾರಿಗೂ ಮುಟ್ಟಗೊಡದೆ ಅಳತೊಡಗಿತು. ನೆತ್ತಿಗೆ ಕೈಯ ಹಿಂಬದಿಯನ್ನು ತಾಗಿಸಿ ನೋಡಿದರೆ ಹೆಂಚಿನಂತೆ ಕಾದಿತ್ತು. ನಮ್ಮ ಅಕ್ಕನು ಮನೆಗೆ ಹಿರಿಯಳು. ಹತ್ತು ಮಕ್ಕಳನ್ನು ಎತ್ತಿ ಆಡಿಸಿದ ಕೈ ಅವಳದು. ಅವಳು ಆಗಲೇ ಹರಳೆಣ್ಣೆಯ ಬಟ್ಟಲನ್ನು ತಂದಿದ್ದಳು.

"ಅಕ್ಕ, ಸ್ವಲ್ಪ ತಡಿ. ಮೊದಲು ಗಡಿಗೆಯ ನೀರಿನಲ್ಲಿ ಬಟ್ಟೆ ನೆನೆಸಿ ಹಾಕೋಣ. ಎಣ್ಣೆ ಈಗ ಬೇಡ" ಎಂದೆವು.

"ಏನಪ್ಪಾ, ಹರಳೆಣ್ಣೆ ತಂಪು ಅನ್ನೋದು ಊರಿಗೆಲ್ಲ ಗೊತ್ತು. ನಿನ್ನ ಪುಸ್ತಕದಲ್ಲಿ ಬೇರೆ ಏನಾದರೂ ಬರೆದಿದೆಯೋ?" ಎಂದಳು ಅಕ್ಕ.

ಬರೆದುದು ಬೇರೆಯೇ ಇದೆ. ನಮ್ಮ ವೈದ್ಯಗ್ರಂಥಗಳಲ್ಲಿ ಏರಂಡತೈಲವನ್ನು ಉಷ್ಣವೀರ್ಯವೆಂದೇ ಎಣಿಸಿದ್ದಾರೆ. ಆದರೆ ಅಳುವ ಮಗುವಿನ ಮುಂದೆ ಅಕ್ಕನೊಡನೆ ಶಾಸ್ತ್ರಾರ್ಥ ಮಾಡುವುದು ಯುಕ್ತವಲ್ಲ. "ಒಲೆಯಿಂದ ಇಳಿಸಿದ ಪಾತ್ರೆ ಆರಬೇಕಾದರೆ ಅದರ ಮೇಲೆ ಮುಚ್ಚಳ ಹಾಕುತ್ತೀಯಾ, ನೀರಿನಲ್ಲಿ ಇಡುತ್ತೀಯಾ?" ಎಂದು ಮಾತ್ರ ಕೇಳಿದೆವು. ಅಕ್ಕನು ಬಟ್ಟಲನ್ನು ಕೆಳಗಿಟ್ಟು, ಹಳೆಯ ಪಂಚೆಯೊಂದನ್ನು ತಾನೇ ಹರಿದು ತಂದಳು.

ನಮ್ಮ ಮನೆಗಳಲ್ಲಿ ಆಗುವ ತಪ್ಪು ತಿಳಿವಳಿಕೆಯ ಬೇರು ಈ 'ತಂಪು' ಎಂಬ ಒಂದು ಮಾತಿನಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ. ಇದಕ್ಕೆ ಎರಡು ಅರ್ಥಗಳುಂಟು. ಒಂದು ಪದಾರ್ಥದ ಗುಣದಿಂದ ಬರುವ ತಂಪು. ಶಾಸ್ತ್ರದಲ್ಲಿ ಇದನ್ನು ಶೀತವೀರ್ಯವೆನ್ನುವರು. ಇನ್ನೊಂದು ಮುಟ್ಟಿದರೆ ತಣ್ಣಗಿರುವ ತಂಪು, ಇದು ಶೀತಸ್ಪರ್ಶ. ತುಪ್ಪವು ಶೀತವೀರ್ಯ, ಆದರೆ ಸುಟ್ಟ ಚರ್ಮಕ್ಕೆ ಬಳಿದರೆ ಒಳಗಿನ ಕಾವು ಹೊರಗೆ ಹೋಗದಂತೆ ಅಡ್ಡಗಟ್ಟುವುದು. ಮೊಸರು ಮುಟ್ಟಿದರೆ ತಣ್ಣಗಿರುವುದು. ಆದರೆ ಶಾಸ್ತ್ರದ ಮಾತಿನಲ್ಲಿ ಅದು ಉಷ್ಣವೀರ್ಯ. ನೀರಿನಲ್ಲಿ ತೇಯ್ದ ಗಂಧವೊಂದೇ ಎರಡು ಬಗೆಯಲ್ಲಿಯೂ ತಂಪಾದುದು. ಆದರೂ ಅದು ಒಣಗಿ ಬಿರಿದಾಗ ಚರ್ಮವನ್ನು ಹಿಡಿದೆಳೆಯುವುದು. ಸುಟ್ಟ ಮೊದಲ ಹೊತ್ತಿನಲ್ಲಿ ಬೇಕಾದುದು ಶೀತವೀರ್ಯವಲ್ಲ, ಶೀತಸ್ಪರ್ಶ. ಅದನ್ನು ಕೊಡುವುದರಲ್ಲಿ ನೀರಿಗೆ ಸಮನಾದುದು ಮನೆಯಲ್ಲಿ ಬೇರೊಂದಿಲ್ಲ.

ಪ್ರಾಚೀನರು ಇದನ್ನು ಅರಿಯದವರಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದ ೧೨ನೆಯ ಅಧ್ಯಾಯದಲ್ಲಿ ಅಗ್ನಿಯಿಂದ ಸುಡುವುದನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾನೆ. ಅತ್ಯಲ್ಪವಾಗಿ ಸುಟ್ಟುದಕ್ಕೆ ಮತ್ತೆ ಬೆಂಕಿಯ ಕಾವನ್ನೇ ತೋರಿಸಬೇಕೆಂಬುದು ಅಲ್ಲಿಯ ವಿಧಿ. ಇಂದಿನ ವೈದ್ಯವು ಇದನ್ನು ಒಪ್ಪುವುದಿಲ್ಲ. ಎಂತಹ ಸುಟ್ಟಗಾಯಕ್ಕಾದರೂ ಮೊದಲು ತಣ್ಣೀರೆಂಬುದೇ ಇಂದಿನ ಸಿದ್ಧಾಂತ. ಆದರೆ ಬಿಸಿಗಾಳಿಯಿಂದಲೂ ಬಿಸಿಲಿನಿಂದಲೂ ಸುಟ್ಟವರಿಗೆ ಯಾವಾಗಲೂ ಶೀತೋಪಚಾರವನ್ನೇ ಮಾಡತಕ್ಕದ್ದೆಂದು ಅದೇ ಅಧ್ಯಾಯದಲ್ಲಿ ಸುಶ್ರುತನು ಬೇರೆಯಾಗಿ ವಿಧಿಸಿರುವನು. ಬಿಸಿಲಿನ ವಿಷಯದಲ್ಲಿ ಹಳೆಯ ವೈದ್ಯಕ್ಕೂ ಹೊಸ ವೈದ್ಯಕ್ಕೂ ಭಿನ್ನಾಭಿಪ್ರಾಯವಿಲ್ಲವೆಂಬುದು ಗೃಹಸ್ಥರಿಗೆ ಸಮಾಧಾನವನ್ನು ಕೊಡತಕ್ಕ ಮಾತು.

ಇನ್ನು ಉಪಚಾರದ ಕ್ರಮ. ಸುಟ್ಟವರನ್ನು ಮೊದಲು ನೆರಳಿಗೆ, ಗಾಳಿಯಾಡುವ ಕೋಣೆಗೆ ಕರೆತರಬೇಕು. ಬಿಗಿಯಾದ ಉಡುಪನ್ನೂ, ಉಂಗುರ ಬಳೆಗಳನ್ನೂ ಬಾವು ಬರುವ ಮೊದಲೇ ತೆಗೆಯಬೇಕು. ಮಣ್ಣಿನ ಗಡಿಗೆಯ ನೀರು ಈ ಕೆಲಸಕ್ಕೆ ಅತ್ಯುತ್ತಮ. ಅದು ತಣ್ಣಗಿರುವುದು, ಆದರೆ ಕೊರೆಯುವುದಿಲ್ಲ. ಮಂಜುಗಡ್ಡೆಯನ್ನು ಚರ್ಮಕ್ಕೆ ಒತ್ತಕೂಡದು. ಸುಟ್ಟ ಚರ್ಮಕ್ಕೆ ಅದರಿಂದ ಇನ್ನೊಂದು ಗಾಯವಾಗುವುದು. ಒಗೆದು ಮೆತ್ತಗಾದ ಹಳೆಯ ಪಂಚೆಯ ತುಂಡನ್ನು ನೆನೆಸಿ, ಅರೆಬರೆ ಹಿಂಡಿ, ಸುಟ್ಟ ಭಾಗದ ಮೇಲೆ ಹೊದಿಸಬೇಕು. ಬಟ್ಟೆಯು ಬೆಚ್ಚಗಾದೊಡನೆ ತೆಗೆದು ಮತ್ತೆ ನೆನೆಸಬೇಕು. ಹೀಗೆ ಹತ್ತರಿಂದ ಇಪ್ಪತ್ತು ನಿಮಿಷಗಳವರೆಗೆ ಮಾಡಿ, ದಿನಕ್ಕೆ ನಾಲ್ಕಾರು ಬಾರಿ ಆವರ್ತನೆ ಮಾಡುವುದು. ನೀರನ್ನು ಹೊಯ್ಯುವುದಾದರೆ ಚೆಂಬಿನಿಂದ ಧಡಾರನೆ ಎರಚಬಾರದು. ಶಿವಲಿಂಗದ ಮೇಲೆ ಧಾರಾಪಾತ್ರೆಯಿಂದ ನೀರು ಇಳಿಯುವುದನ್ನು ನೋಡಿಲ್ಲದವರಾರು? ನಂಜನ್ನು ಉಂಡವನ ಉರಿಯನ್ನು ಶಮನಗೊಳಿಸುವ ಬಗೆಯೂ ಅದೇ, ಸಣ್ಣದಾಗಿ, ಎಡೆಬಿಡದೆ. ಸುಟ್ಟ ಮೈಗೂ ಅದೇ ಕ್ರಮವು ಹಿತ. ಆದರೆ ಎಳೆಯ ಮಕ್ಕಳ ಮೈಗೆ ಚಳಿ ಹಿಡಿಯದಂತೆ ನೋಡಿಕೊಳ್ಳಬೇಕು, ನಡುಗತೊಡಗಿದರೆ ನಿಲ್ಲಿಸತಕ್ಕದ್ದು.

ಸ್ನಾನ ಮಾಡಿಸುವಾಗ ಸಾಬೂನು, ಸೀಗೆಪುಡಿ, ಕಡಲೆಹಿಟ್ಟು ಇವಾವುದನ್ನೂ ಹಾಕಿ ಉಜ್ಜಕೂಡದು. ಒರಸುವಾಗಲೂ ತಿಕ್ಕದೆ, ಬಟ್ಟೆಯನ್ನು ಮೆಲ್ಲನೆ ಒತ್ತಿ ತೇವ ಹೀರಿಸಬೇಕು. ಕಾವು ಇಳಿದ ಮೇಲೆ, ಚರ್ಮವು ಇನ್ನೂ ತುಸು ಒದ್ದೆಯಾಗಿರುವಾಗಲೇ, ಹಿತ್ತಲಿನ ಲೋಳೆಸರವನ್ನು ಹಚ್ಚಬಹುದು. ಎಲೆಯನ್ನು ಕೊಯ್ದೊಡನೆ ಬುಡದಿಂದ ಒಸರುವ ಹಳದಿಯ ರಸವು ಚರ್ಮವನ್ನು ಕೆರಳಿಸುವುದರಿಂದ, ಎಲೆಯನ್ನು ನಿಲ್ಲಿಸಿ ಅದನ್ನು ಸೋರಬಿಟ್ಟು, ತೊಳೆದು, ಒಳಗಿನ ತಿಳಿಯಾದ ಲೋಳೆಯನ್ನು ಮಾತ್ರ ತೆಗೆದುಕೊಳ್ಳಬೇಕು. ಮೊದಲು ಮುಂಗೈಯ ಒಳಬದಿಗೆ ಸ್ವಲ್ಪ ಹಚ್ಚಿ ನೋಡುವುದು ಜಾಣತನ. ಲೋಳೆಸರ ದೊರೆಯದಿದ್ದರೆ ಔಷಧದ ಅಂಗಡಿಯ ಕ್ಯಾಲಮೈನ್ ದ್ರವವೂ ಆಗಬಹುದು. ಚರ್ಮವು ಒಡೆದಿದ್ದರೆ ಇವಾವುದನ್ನೂ ಹಚ್ಚದೆ ವೈದ್ಯರಿಗೆ ತೋರಿಸುವುದೇ ಲೇಸು.

ಹೊರಗಿನ ನೀರಿನಷ್ಟೇ ಒಳಗಿನ ನೀರೂ ಮುಖ್ಯ. ನೀರು, ಉಪ್ಪು ಬೆರೆಸಿದ ನೀರುಮಜ್ಜಿಗೆ, ಎಳನೀರು, ರಾಗಿಯ ಅಂಬಲಿ ಇವನ್ನು ಆಗಾಗ ಕುಡಿಸುತ್ತಿರಬೇಕು. ನೋವು ಹೆಚ್ಚಾಗಿದ್ದರೆ ಪ್ಯಾರಸಿಟಮಾಲನ್ನು ವಯಸ್ಸಿಗೂ ತೂಕಕ್ಕೂ ತಕ್ಕ ಪ್ರಮಾಣದಲ್ಲಿ ಕೊಡಬಹುದು. ಮಕ್ಕಳಿಗೆ ಆಸ್ಪಿರಿನ್ ಮಾತ್ರೆಯನ್ನು ಕೊಡಕೂಡದು.

ಹಚ್ಚಬಾರದವುಗಳ ಪಟ್ಟಿಯೂ ಸಣ್ಣದಲ್ಲ. ಬಿಸಿ ಆರುವ ಮೊದಲು ಬೆಣ್ಣೆ, ತುಪ್ಪ, ಎಣ್ಣೆಗಳು ಬೇಡ. ನಿಂಬೆಯ ರಸವಂತೂ ಸರ್ವಥಾ ಕೂಡದು. ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಡದಿದ್ದ ಚರ್ಮವೂ ಸುಟ್ಟು ಬೊಕ್ಕೆಯೇಳುವುದುಂಟು. ಹಲ್ಲುಜ್ಜುವ ಪೇಸ್ಟನ್ನು ಸುಟ್ಟ ಕಡೆಗೆ ಬಳಿಯುವ ರೂಢಿಯು ಈಗ ಮನೆಮನೆಗೂ ಬಂದಿದೆ. ನಂಜನಗೂಡು ಹಲ್ಲುಪುಡಿಗೆ ನಾಡಿನಲ್ಲೆಲ್ಲ ಹೆಸರಾದ ಊರು. ಆ ಊರಿನ ನೆರೆಯವರಾದ ನಾವು ಹೇಳುವ ಮಾತಿದು: ಹಲ್ಲಿನದು ಹಲ್ಲಿಗೇ ಇರಲಿ, ಚರ್ಮಕ್ಕೆ ಬೇಡ.

ಬೊಕ್ಕೆಗಳು ಎದ್ದರೆ ಒಡೆಯಬಾರದು. ಅವುಗಳ ಮೇಲಣ ತೆಳುವಾದ ಪೊರೆಯೇ ಒಳಗಿನ ಗಾಯಕ್ಕೆ ಪ್ರಕೃತಿಯು ಕಟ್ಟಿದ ಪಟ್ಟಿ. ನಾಲ್ಕರಿಂದ ಏಳು ದಿನಗಳೊಳಗೆ ಚರ್ಮವು ಸುಲಿಯತೊಡಗುವುದು. ಅದನ್ನು ಕೈಯಿಂದ ಕೀಳಬಾರದು. ನಮ್ಮ ಮೊಮ್ಮಗನಿಗೆ ಆ ರಾತ್ರಿ ನಾಲ್ಕು ಸಲ ಒದ್ದೆಬಟ್ಟೆ ಹಾಕಿದ ಮೇಲೆ ನಿದ್ರೆ ಹತ್ತಿತು. ಮರುದಿನ ನೆತ್ತಿಯ ಮೇಲೆ ಎರಡು ಸಣ್ಣ ಬೊಕ್ಕೆಗಳು ಕಂಡುವು. ವೈದ್ಯರು ನೋಡಿ, ಹಾಗೆಯೇ ಬಿಡಿರೆಂದರು. ಐದನೆಯ ದಿನ ಸಿಪ್ಪೆಯೆದ್ದಾಗ ನೋಡಬಂದ ನೆಂಟರೊಬ್ಬರು ಅದನ್ನು ಕೀಳಲು ಕೈ ಚಾಚಿದರು. "ಮುಟ್ಟಬೇಡಿ, ಅದು ತಾನಾಗಿ ಉದುರಬೇಕು" ಎಂದು ಅವರ ಕೈ ಹಿಡಿದವಳು ನಮ್ಮ ಅಕ್ಕನೇ. ಹರಳೆಣ್ಣೆಯ ಬಟ್ಟಲು ಕೂಡ ವ್ಯರ್ಥವಾಗಲಿಲ್ಲ. ಚರ್ಮವೆಲ್ಲ ಕೂಡಿಬಂದ ಮೇಲೆ ಅವಳ ಅಭ್ಯಂಗವು ಸಾಂಗವಾಗಿ ನಡೆಯಿತು.

ಮನೆಯ ಉಪಚಾರಕ್ಕೂ ಒಂದು ಎಲ್ಲೆಯಿದೆ. ಒಂದು ವರ್ಷದೊಳಗಿನ ಕೂಸಿಗೆ ಸುಟ್ಟಿದ್ದರೆ, ಮುಖದ ಮೇಲೆ ಅಥವಾ ಮೈಯ ಬಹುಭಾಗದಲ್ಲಿ ಬೊಕ್ಕೆಗಳಿದ್ದರೆ, ಜ್ವರವೂ ಚಳಿಯೂ ವಾಂತಿಯೂ ಬಂದರೆ, ಮೂತ್ರವು ತೀರ ಕಡಿಮೆಯಾದರೆ, ಗಾಯವು ಕೀವುಗಟ್ಟಿದರೆ, ತಡಮಾಡದೆ ವೈದ್ಯರಲ್ಲಿಗೆ ಹೋಗತಕ್ಕದ್ದು. ಮೈ ಕಾದು, ಮಾತು ತಡವರಿಸಿ, ಗುರುತು ತಪ್ಪುವಂತಾದರೆ ಅದು ಬರಿಯ ಚರ್ಮದ ಸುಡುವಿಕೆಯಲ್ಲ. ಬಿಸಿಲಿನ ಪೆಟ್ಟು ಮಿದುಳಿಗೆ ತಾಗಿದೆಯೆಂದು ತಿಳಿಯಬೇಕು. ಅದು ಪ್ರಾಣಾಂತಿಕವಾದುದು. ೧೦೮ಕ್ಕೆ ಕರೆಮಾಡಿ, ವಾಹನವು ಬರುವವರೆಗೆ ಮೈಯನ್ನೆಲ್ಲ ನೀರಿನಿಂದ ನೆನೆಸಿ ಗಾಳಿ ಬೀಸುತ್ತಿರಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಕೂಡದು. ಡಾಕ್ಸಿಸೈಕ್ಲಿನ್‌ನಂತಹ ಕೆಲವು ಮಾತ್ರೆಗಳೂ, ರಕ್ತದ ಒತ್ತಡಕ್ಕಾಗಿ ಕೊಡುವ ಕೆಲವು ಮಾತ್ರೆಗಳೂ ಚರ್ಮವನ್ನು ಬಿಸಿಲಿಗೆ ಸುಲಭವಾಗಿ ಸುಡುವಂತೆ ಮಾಡುವುವು. ಅವನ್ನು ಸೇವಿಸುವ ಹಿರಿಯರು ಜಾತ್ರೆಗೆ ಹೊರಡುವ ಮೊದಲೇ ವೈದ್ಯರನ್ನು ಕೇಳಿಕೊಳ್ಳುವುದು ಒಳ್ಳೆಯದು.

ಬಿಸಿಲಿನ ಕೋಟಲೆಯು ಬೇಸಗೆಯ ಜಾತ್ರೆಗೆ ಮಾತ್ರ ಮೀಸಲಾದುದಲ್ಲ. ಕಾವೇರಿ ಕಪಿಲೆಗಳು ಕೂಡುವ ತಿರುಮಕೂಡಲಿನಲ್ಲಿ ೧೯೮೯ರಲ್ಲಿ ಆರಂಭವಾದ ಕುಂಭಮೇಳವು ೨೦೨೫ರ ಫೆಬ್ರವರಿಯಲ್ಲಿ ನಡೆದಾಗ ಮುಂಜಾನೆಯಲ್ಲಿ ಚಳಿಯಿನ್ನೂ ಇತ್ತು. ನಮ್ಮ ತಾಲ್ಲೂಕಿನದೇ ಆದ ತಲಕಾಡಿನ ಪಂಚಲಿಂಗ ದರ್ಶನವು ೨೦೨೦ರ ಡಿಸೆಂಬರಿನಲ್ಲಿ ನಡೆಯಿತು. ಚಳಿಗಾಲವೆಂದು ಯಾರೂ ತಲೆಗೆ ಬಟ್ಟೆ ಹಾಕುವುದಿಲ್ಲ. ಆದರೆ ನಮ್ಮ ಅಕ್ಷಾಂಶದಲ್ಲಿ ಆ ಕಿರಣಗಳಿಗೆ ಚಳಿಗಾಲದ ರಜೆಯಿಲ್ಲ. ತಲಕಾಡಿನ ಮರಳಾದರೋ ಮೇಲಿಂದ ಬಿದ್ದ ಬೆಳಕಿನಲ್ಲಿ ಒಂದಂಶವನ್ನು ಕೆಳಗಿನಿಂದ ಮುಖಕ್ಕೆ ಎರಚುವುದು; ಅಲ್ಲಿ ಕೊಡೆಯೊಂದೇ ಸಾಲದು.

ಮಕ್ಕಳಿಗೂ ತಿಳಿಯುವ ಸುಲಭವಾದ ಅಳತೆಯೊಂದಿದೆ. ನೆರಳು ನಮಗಿಂತ ಉದ್ದವಾಗಿದ್ದರೆ ಬಿಸಿಲು ಸೌಮ್ಯ; ನಮಗಿಂತ ಗಿಡ್ಡವಾಯಿತೋ, ನೆರಳನ್ನು ಹುಡುಕಬೇಕು. ಮುಡಿ ಕೊಡುವವರು ಬೆಳಗಿನ ಉದ್ದ ನೆರಳಿನಲ್ಲಿಯೇ ಅದನ್ನು ಮುಗಿಸಿ, ಗಂಧ ಹಚ್ಚಿದ ಮೇಲೆ ಅಗಲವಾದ ಹತ್ತಿಯ ಬಟ್ಟೆಯನ್ನು ತಲೆಗೂ ಕಿವಿಗೂ ಕುತ್ತಿಗೆಗೂ ಮುಚ್ಚುವಂತೆ ಕಟ್ಟುವುದು. ಗಂಧವೇ ಸಾಕೆಂದು ಬರಿದಲೆಯಲ್ಲಿ ಬಿಡಕೂಡದು. ಬಿಸಿಲು ತಡೆಯುವ ಲೇಪವನ್ನು ಹಚ್ಚುವವರು ಎಸ್‌ಪಿಎಫ್ ೩೦ಕ್ಕೆ ಕಡಿಮೆಯಿಲ್ಲದುದನ್ನು ಆರಿಸಿ, ಎರಡು ಗಂಟೆಗೊಮ್ಮೆಯೂ ಸ್ನಾನದ ಬಳಿಕವೂ ಮತ್ತೆ ಹಚ್ಚಬೇಕು. ಆರು ತಿಂಗಳೊಳಗಿನ ಕೂಸಿಗೆ ಲೇಪಕ್ಕಿಂತ ನೆರಳೇ ಶ್ರೇಷ್ಠ.

ಕಡೆಯದಾಗಿ ಇನ್ನೊಂದು ಮಾತು. ಜಾತ್ರೆಗೆ ಹೋದವರು ವರ್ಷಕ್ಕೊಮ್ಮೆ ಸುಡುವರು. ನಮ್ಮ ನಾಲೆಯ ಬಯಲುಗಳಲ್ಲಿ ಬೆನ್ನು ಬಾಗಿಸಿ ನಾಟಿ ಹಾಕುವ ಹೆಣ್ಣಾಳುಗಳ ಕುತ್ತಿಗೆಯೂ ತೋಳುಗಳೂ ದಿನದಿನವೂ ಸುಡುವುವು. ಅದನ್ನು ರೋಗವೆಂದು ಅವರೂ ಎಣಿಸರು, ಕೆಲಸ ಮಾಡಿಸುವವರೂ ಎಣಿಸರು. ಗದ್ದೆಯುಳ್ಳ ಗೃಹಸ್ಥರು ಕೆಲಸವನ್ನು ಬೆಳಗ್ಗೆ ಬೇಗ ತೊಡಗಿಸಿ, ನಡುಹಗಲಿನಲ್ಲಿ ಬಿಡುವು ಕೊಟ್ಟು, ತುಂಬುತೋಳಿನ ಹತ್ತಿಯ ಅಂಗಿಯೊಂದನ್ನೂ ಬದುವಿನ ಮರದಡಿಯಲ್ಲಿ ಒಂದು ಗಡಿಗೆ ನೀರನ್ನೂ ಒದಗಿಸಿದರೆ ಅದಕ್ಕೆ ತಗಲುವ ವೆಚ್ಚವು ಅತ್ಯಲ್ಪ. ಮನೆಯ ಮಗುವಿನ ನೆತ್ತಿಗೆ ಹಾಕಿದ ತಣ್ಣೀರಿನ ಬಟ್ಟೆಯು ಗದ್ದೆಯ ಆಳಿನ ಕುತ್ತಿಗೆಗೂ ಸಲ್ಲತಕ್ಕದ್ದೆ. ಗೃಹಸ್ಥರು ಇದನ್ನು ಮನಸ್ಸಿಗೆ ತಂದುಕೊಳ್ಳಲೆಂದು ಪ್ರಾರ್ಥಿಸುತ್ತೇವೆ.